ಮೂಡುಬಿದಿರೆಯಲ್ಲಿ ಕಂಡ ಹುಡುಕಾಟ

ಡಿಸೆಂಬರಿನ ಎರಡನೆಯ ಶನಿವಾರ, ಬೆಳಗ್ಗೆ ಒಂಬತ್ತು ಗಂಟೆ. ಬಂಟ್ವಾಳದಿಂದ ಹೊರಟವನು ನಾನೊಬ್ಬನೇ. ಸಂಜೆ ನಾಲ್ಕಕ್ಕೆ ಮೂಡುಬಿದಿರೆಯಲ್ಲಿ ತಂಗಿಯ ಮಗಳು ಅನುಷಾಳ ತಂಡದ ನೃತ್ಯವಿತ್ತು. ನೇರ ಹೋಗಿದ್ದರೆ ದಾರಿ ಹತ್ತಿರ. ಆದರೆ ಅವಳು ಫೋನಿನಲ್ಲಿ, “ಮಾವ, ಅಮ್ಮನನ್ನು ನೀವೇ ಕರ್ಕೊಂಡು ಬನ್ನಿ. ಇಲ್ಲದಿದ್ರೆ ಬರುದಿಲ್ಲ” ಎಂದಿದ್ದಳು. ಹಾಗಾಗಿ ಬೆಳ್ತಂಗಡಿಯ ಬಸ್ಸು ಹಿಡಿದೆ.

ಅಲ್ಲಿ ಮನೆಯಲ್ಲಿ ತಂಗಿ ಸುಶೀಲ ಇನ್ನೂ ಹೊರಟಿರಲಿಲ್ಲ. “ನಾನು ಬರುದಿಲ್ಲ ಅಣ್ಣ. ಇವರದ್ದೇ ಕತೆಯಂತೆ. ಸತ್ತರು ಅಂತ ತೋರಿಸ್ತಾಳೆ.”

ಅವಳ ಗಂಡ ದಿನಕರ, ಕಳೆದ ವರ್ಷದ ಮಳೆಗಾಲದಲ್ಲಿ ಹೊಳೆಬದಿಯ ಪಂಪನ್ನು ಮೇಲೆತ್ತಲು ಹೋಗಿ ನೆರೆಗೆ ಸಿಕ್ಕಿದವನು. ಹೆಣ ಸಿಗಲಿಲ್ಲ. ಸುಶೀಲ ಬೊಜ್ಜ ಮಾಡಲು ಬಿಡಲಿಲ್ಲ. ಉತ್ತರಕ್ರಿಯೆಯ ಮಾತೆತ್ತಿದವರಿಗೆಲ್ಲ ಅವಳ ಪ್ರಶ್ನೆ ಒಂದೇ: “ಮರುದಿನ ಬಂದು ಬಾಗಿಲು ತಟ್ಟಿದರೆ?” ಕೊನೆಗೆ ಯಾರೂ ಎತ್ತದಾದರು.

“ಸತ್ತದ್ದನ್ನು ತೋರಿಸುದಿಲ್ಲವಂತೆ. ಹುಡುಕಿದ್ದನ್ನು ಮಾತ್ರ” ಎಂದೆ. ಅವಳು ಸೀರೆ ಬದಲಿಸಲು ಒಳಗೆ ಹೋದಳು.

ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿದೆವು. ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್ ಮಾತ್ರ, “ಹಿಂದೆ ಹೋಗಿ ಅಜ್ಜೇರೆ, ಕಬಡ್ಡಿ ಆಡುವಷ್ಟು ಜಾಗ ಉಂಟು” ಎಂದು ದೂಡಿದ. ವೇಣೂರಿನ ಸೇತುವೆ ದಾಟುವಾಗ ಸುಶೀಲ ಕಿಟಕಿಯಿಂದ ಮುಖ ತಿರುಗಿಸಿದಳು. “ಇದೂ ಸಮುದ್ರಕ್ಕೇ ಹೋಗುದಾ?” ಎಂದು ಕೇಳಿದಳು. ಹೌದೆಂದೆ. ಮೂಡುಬಿದಿರೆಯಲ್ಲಿ ಹೋಟೆಲಿನ ಕುಚ್ಚಲಕ್ಕಿ ಊಟ ಚೆನ್ನಾಗಿತ್ತು. ಅವಳು ಅರ್ಧಕ್ಕೇ ಕೈ ತೊಳೆದಳು.

ಸಭಾಂಗಣದಲ್ಲಿ ಸೆಕೆ. ವೇದಿಕೆಯ ಮೇಲೆ ಎಂಟು ಮಂದಿ. ಮೊದಲು ಗುಡಿಸುವುದು, ನೀರು ಸೇದುವುದು, ಬಟ್ಟೆ ಒಣಗಿಸುವುದು, ಎಲ್ಲ ಒಂದೇ ಲಯದಲ್ಲಿ. ಆಮೇಲೆ ಚೆಂಡೆ ಏರಿತು, ಲಯ ಒಡೆಯಿತು, ಎಲ್ಲರೂ ದಿಕ್ಕುಗೆಟ್ಟು ಓಡಿದರು. ಅಗ್ನಿಶಾಮಕ ದಳದಲ್ಲಿ ಆಯುಷ್ಯ ಕಳೆದ ನಾನು ನಿಜವಾದ ಗೊಂದಲ ನೋಡಿದ್ದೇನೆ. ಅಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಇಲ್ಲಿ ಒಬ್ಬರ ಭುಜ ಇನ್ನೊಬ್ಬರಿಗೆ ತಾಗಲಿಲ್ಲ. ಕಲಿಸಿದ ಗೊಂದಲ ಎಂದುಕೊಂಡೆ.

ಆಗ ಸೀಟಿ ಕೇಳಿಸಿತು. ಎಲ್ಲರೂ ಬಿದಿರಿನ ಕೋಲು ಹಿಡಿದು ಸಾಲಾದರು. ತೋಳಳತೆಯ ಅಂತರ, ಸೀಟಿಗೊಂದು ಹೆಜ್ಜೆ, ಕೋಲನ್ನು ಕುತ್ತಿ, ತುದಿಗೆ ಏನು ತಾಗಿತೆಂದು ಕಾಯುವುದು. ದಿನಕರನಿಗಾಗಿ ಹೊಳೆಯಲ್ಲಿ ನಾನು ನಿಲ್ಲಿಸಿದ ಸಾಲು ಅದೇ. ಅನುಷಾ ದಡದಲ್ಲಿ ನಿಂತು ಅಷ್ಟನ್ನೂ ನೋಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಸೀಟಿ ನಿಂತಿತು. ಒಬ್ಬೊಬ್ಬರೇ ಕೋಲುಗಳನ್ನು ಪಕ್ಕಪಕ್ಕ ಕೆಳಗಿಟ್ಟು ಒಳಗೆ ಹೋದರು. ಅನುಷಾ ಒಬ್ಬಳೇ ಕುತ್ತುತ್ತಲೇ ಇದ್ದಳು. ಅವಳ ಏದುಸಿರು ನಮಗೆ ಕೇಳುತ್ತಿತ್ತು. ಜನ ಕುರ್ಚಿಯಲ್ಲಿ ಅಲುಗಾಡತೊಡಗಿದರು.

ಸುಶೀಲ ಎದ್ದು ನಿಂತಳು. “ಸಾಕು ಮಗಾ. ಇಡು ಕೆಳಗೆ.”

ಅನುಷಾ ನಿಂತಳು. ತಾಯಿಯ ಕಡೆ ನೋಡಿದಳು. ಕೋಲನ್ನು ಉಳಿದವುಗಳ ಕೊನೆಗೆ ಇಟ್ಟಳು. ದೀಪ ಉರಿಯುತ್ತಲೇ ಇತ್ತು. ಎಲ್ಲೋ ಒಬ್ಬರು ಚಪ್ಪಾಳೆ ತಟ್ಟಿ ನಿಲ್ಲಿಸಿದರು.

ವೇದಿಕೆಯ ಹಿಂದೆ ಅವಳು ಹೇಳಿದಳು: “ಅಲ್ಲಿ ಕೋಲು ಇಡ್ಲಿಕ್ಕಿಲ್ಲ ಮಾವ. ನಾನು ಹುಡುಕ್ತಾ ಇರುವಾಗಲೇ ಲೈಟ್ ಆರಬೇಕು. ಬೇರೆ ಊರಲ್ಲೆಲ್ಲ ಹಾಗೆಯೇ ಮುಗಿಸಿದ್ದು.”

ಸುಶೀಲ ಮಗಳ ಅಂಗೈ ತಿರುಗಿಸಿ ನೋಡಿದಳು. ಚರ್ಮ ಸುಲಿದಿತ್ತು. “ತೆಂಗಿನೆಣ್ಣೆ ಹಚ್ಚು” ಎಂದಳು. ಮತ್ತೆ ನನ್ನ ಕಡೆಗೆ, “ಗುರಿಕಾರರಿಗೆ ಫೋನ್ ಮಾಡು ಅಣ್ಣ. ಬೊಜ್ಜಕ್ಕೆ ದಿನ ನೋಡಲಿ.” ಅನುಷಾ ಕೇಳಿದ್ದೇ ನೆಲದ ಮೇಲೆ ಕುಳಿತಳು.

ನಮ್ಮ ಕಡೆ ಕ್ರಿಯೆಗಳನ್ನು ನಡೆಸಿಕೊಡುವ ಹಿರಿಯರು ಗುರಿಕಾರರು. ಹೊರಗೆ ಬಂದು ಫೋನ್ ಮಾಡಿದೆ.

“ಹೆಣ ಸಿಕ್ಕಿತಾ?” ಎಂದರು.

“ಇಲ್ಲ.”

“ಹಾಗಾದ್ರೆ ಹುಲ್ಲಿನ ಬೊಂಬೆ ಮಾಡಿ ಸುಡಬೇಕಾಗ್ತದೆ. ತಂಗಿ ಒಪ್ಪಿದ್ದಾರಾ?”

“ಒಪ್ಪಿದ್ದಾಳೆ.”

ಜನವರಿಯ ಒಂದು ಭಾನುವಾರ ಹೇಳಿದರು. ಒಳಗೆ ಹೋಗಿ ತಿಳಿಸಿದೆ. ಸುಶೀಲ ಮಗಳ ಪಕ್ಕದಲ್ಲಿ ನೆಲಕ್ಕೇ ಕುಳಿತಿದ್ದಳು.

“ಬೊಂಬೆಗೆ ಇವರ ಅಂಗಿ ಹಾಕ್ಲಿಕ್ಕೆ ಆಗ್ತದಾ?” ಎಂದು ಕೇಳಿದಳು.

ಅದನ್ನು ನಾನು ಕೇಳಿರಲಿಲ್ಲ. ಮತ್ತೆ ಹೊರಗೆ ಹೋಗಿ ಫೋನ್ ಮಾಡಿ ಕೇಳಿದೆ. ಹಾಕಬಹುದು ಎಂದರು. ಬಂದು ಅವಳಿಗೆ ಹೇಳಿದೆ.