ಮನಿಗಿ ಅವ್ವ ಬಂದಾಳ

ಇವತ್ತು ಬೆಳಿಗ್ಗೆ ಹಾಲು ತರಲು ಹೊರಟಾಗ ಎದುರು ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸಿದ್ದು ಕಂಡಿತು. ಆ ಮನೆಯ ಕೂಸಿಗೆ ಚಿಕನ್‌ಪಾಕ್ಸ್ ಅಂತೆ. ನೀವಾಗಿದ್ದರೆ ಪಾಪ ಎಂದು ಮುಂದೆ ಹೋಗುತ್ತಿದ್ದಿರಿ. ನಾನು ಖಾಲಿ ಕೈಯಲ್ಲಿ ತಿರುಗಿ ಬಂದು ಕುರ್ಚಿಯಲ್ಲಿ ಕುಳಿತುಬಿಟ್ಟೆ. ಒಂಬತ್ತು ವರ್ಷವಾದರೂ ನಾನು ಆ ದಿನವನ್ನು ಮರೆತಿಲ್ಲ.

ಸುವರ್ಣಾ ಮತ್ತು ನಾನು ವಿಜಯಪುರದಲ್ಲಿ ಬಿ.ಎ. ಓದಿದವರು. ಅವಳು ಬಬಲೇಶ್ವರದ ಮಗಳು, ತಿಕೋಟಾ ಹತ್ತಿರದ ಬಿಜ್ಜರಗಿಗೆ ಸೊಸೆಯಾಗಿ ಹೋದವಳು. ಅಪ್ಪನ ವರ್ಗಾವಣೆಗಳ ಬೆನ್ನು ಹತ್ತಿ ಊರೂರು ಸುತ್ತಿ ಬೆಳೆದ ನನ್ನದು ಪುಸ್ತಕದ ಕನ್ನಡ. ಹಾಸ್ಟೆಲ್ಲಿನಲ್ಲಿ ಒಮ್ಮೆ ಜ್ವರ ಬಂದು, ನನಗೆ ಅಸ್ವಸ್ಥತೆಯಾಗಿದೆ ಅಂದಿದ್ದೆ. "ಅದ್ಯಾವ ಊರಿನ ಜಡ್ಡ ಬೇ? ನಮ್ಮ ಕಡೆ ಬರೇ ಉರಿ ಬರ್ತಾವ" ಎಂದು ಅವಳು ವರ್ಷವಿಡೀ ಆಡಿಕೊಂಡಳು.

ಮೂವತ್ತನಾಲ್ಕಕ್ಕೆ ಅವಳಿಗೆ ರಕ್ತದ ಕ್ಯಾನ್ಸರ್ ಬಂತು. ಸೊಲ್ಲಾಪುರದಲ್ಲಿ ಚಿಕಿತ್ಸೆ. ಗಂಡ ದ್ರಾಕ್ಷಿ ತೋಟಕ್ಕೂ ಆಸ್ಪತ್ರೆಗೂ ಓಡಾಡುತ್ತಿದ್ದ. ಎರಡು ಸುತ್ತಿನ ನಡುವಿನ ದಿನಗಳಲ್ಲಿ ಅವಳು ಸೊಲ್ಲಾಪುರ ರಸ್ತೆಯ ನನ್ನ ಮನೆಯಲ್ಲಿ ಇರುತ್ತಿದ್ದಳು. ಏಳು ವರ್ಷದ ಮಗಳು ಸೃಷ್ಟಿ ಬಬಲೇಶ್ವರದಲ್ಲಿ ಆಯಿಯ, ಅಂದರೆ ಸುವರ್ಣಾಳ ತಾಯಿಯ ಹತ್ತಿರ. ರೋಗ ತಡೆಯುವ ಶಕ್ತಿ ಇವಳ ಮೈಯಲ್ಲಿ ಉಳಿದಿಲ್ಲ, ಸಣ್ಣ ಸೋಂಕೂ ಜೀವಕ್ಕೆ ಬಂದೀತು ಎಂದಿದ್ದರು ಡಾಕ್ಟರು. ನಾನು ಬಾಗಿಲ ಹಿಡಿಕೆಯನ್ನೂ ತೊಳೆಯುತ್ತಿದ್ದೆ. "ಒಂದಿನ ನನ್ನೂ ಒಗದು ಒಣಗ ಹಾಕ್ತಿ ನೀ" ಅನ್ನುತ್ತಿದ್ದಳು.

ಮುಂದಿನ ಸುತ್ತಿಗೆ ಮೊದಲು ಮಗಳನ್ನು ನೋಡಬೇಕು ಅಂದಳು. ನಾನು ಆಯಿಗೆ ಫೋನು ಮಾಡಿದೆ.

"ಈಗ ಬ್ಯಾಡವ್ವಾ. ಮನಿಗಿ ಅವ್ವ ಬಂದಾಳ."

ಆಯಿಯ ಸೊಸೆಯ ತಾಯಿ ಬಂದಿರಬೇಕು ಎಂದುಕೊಂಡೆ. ಎಷ್ಟು ದಿನ ಇರುತ್ತಾರೆ ಎಂದು ಕೇಳಿದರೆ, ಐದು ದಿನ, ಆಮೇಲೆ ನೀರು ಹಾಕಿ ಕಳಿಸುತ್ತೇವೆ ಅಂದಳು. ಬೀಗಿತ್ತಿಗೆ ಎರೆದು ಕಳಿಸುವ ಮನೆತನವೆಂದು ಮೆಚ್ಚಿಕೊಂಡೆ. ಕಾಲೇಜಿನಲ್ಲಿ ಕನ್ನಡ ಕಲಿಸುವವಳು ನಾನು. ಮೈಮೇಲೆ ಚಿಕನ್‌ಪಾಕ್ಸಿನ ಗುಳ್ಳೆ ಎದ್ದರೆ ಜಡ್ಡಿನ ಹೆಸರೆತ್ತದೆ, ದೇವಿಯೇ ಬಂದಳೆಂದು 'ಅವ್ವ ಬಂದಾಳ' ಅನ್ನುತ್ತಾರೆಂಬುದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿದ್ದ ಮೊಮ್ಮಗನ, ಅಂದರೆ ಮಗನ ಮಗನ, ಮೈಮೇಲಿನ ದೇವಿಯಿಂದ ಮಗಳ ಜೀವಕ್ಕೆ ಅಪಾಯವೆಂದು ಆ ಮುದುಕಿಗೂ ಯಾರೂ ಹೇಳಿರಲಿಲ್ಲ. ಸುವರ್ಣಾಳ ಆಸೆ ಎಂದು ನಾನು ಹಟ ಹಿಡಿದೆ, ಆಯಿ ಸೋತಳು.

ಸೃಷ್ಟಿಯ ಸೋದರಮಾವ ಅವಳನ್ನು ಬಬಲೇಶ್ವರದ ಬಸ್ ನಿಲ್ದಾಣಕ್ಕೆ ತಂದು ನನಗೆ ಒಪ್ಪಿಸಿದ. ಹುಡುಗಿ ನೆಟ್ಟಗಿದ್ದಳು. ನನ್ನ ತೊಡೆಯ ಮೇಲೆ ಮಲಗಿದವಳು ವಿಜಯಪುರ ಬಂದಾಗಲೇ ಎದ್ದಳು.

ಬಾಗಿಲಲ್ಲಿ ಸುವರ್ಣಾ ತಲೆತುಂಬ ಸೆರಗು ಹೊದ್ದು, ಕೈ ಚಾಚಿ ನಿಂತಿದ್ದಳು. ಸೃಷ್ಟಿ ಓಡಿಹೋಗಿ ಅವಳ ಸೆರಗಿನಲ್ಲಿ ಮುಖ ಹುದುಗಿಸಿದಳು. ಮಾವನ ಮಗನನ್ನು ಅವಳು ತಮ್ಮ ಅನ್ನುತ್ತಿದ್ದಳು.

"ಅವ್ವಾ, ತಮ್ಮಗ ಅವ್ವ ಬಂದಾಳ. ಮೈತುಂಬ ಗುಳ್ಳಿ. ನಾ ಅವನ ಬಾಜೂಕ ಮಲಗೀನಿ."

ಸುವರ್ಣಾ ಎರಡೂ ಕೈಯಿಂದ ಮಗಳನ್ನು ದೂಡಿದಳು. ಹುಡುಗಿ ಹೊಸ್ತಿಲಾಚೆ ಬಿದ್ದಳು. ಬಾಗಿಲು ಮುಚ್ಚಿ ಚಿಲಕ ಬಿತ್ತು. "ಅಕೀನ್ನ ಕರಕೊಂಡ ಹೋಗ" ಎಂದು ಒಳಗಿನಿಂದ ನನಗೆ ಹೇಳಿದಳು. ತಿರುಗಿ ಹೋಗುವ ದಾರಿಯುದ್ದಕ್ಕೂ ಸೃಷ್ಟಿ ಅಳಲಿಲ್ಲ. ಮರುದಿನವೇ ಅವಳಿಗೂ ಗುಳ್ಳೆ ಎದ್ದವು. ಇಬ್ಬರಿಗೂ ಶಾಲೆಯಿಂದಲೇ ತಗುಲಿತ್ತಂತೆ.

ಸೊಲ್ಲಾಪುರದಲ್ಲಿ ಸೋಂಕು ತಡೆಯುವ ಇಂಜೆಕ್ಷನ್ ಕೊಟ್ಟು ಸುವರ್ಣಾಳನ್ನು ಬೇರೆ ಕೋಣೆಯಲ್ಲಿಟ್ಟರು. ನಾನು ರಜೆ ಹಾಕಿ ಜೊತೆಗಿದ್ದೆ. ಮೂರು ವಾರ, ದಿನಾ ಬೆಳಿಗ್ಗೆ ಕಿಟಕಿಯ ಬೆಳಕಿಗೆ ಅವಳ ಕುತ್ತಿಗೆ, ಬೆನ್ನಿನ ಮೇಲೆ ಗುಳ್ಳೆ ಹುಡುಕುತ್ತಿದ್ದೆ. "ಅದು ಹುಟ್ಟಿದಾಗಿನ ಮಚ್ಚಿ ಬೇ, ಎಷ್ಟ ಸಲ ನೋಡ್ತಿ?" ಅನ್ನುತ್ತಿದ್ದಳು. ಈಗಲೂ ಮನಸ್ಸಿನಲ್ಲಿ ನಾನು ಆ ಬಾಗಿಲಲ್ಲೇ ನಿಲ್ಲುತ್ತೇನೆ. ಹುಡುಗಿ ಆ ಮಾತು ಆಡದೇ ಇದ್ದಿದ್ದರೆ? ಇಡೀ ಮಧ್ಯಾಹ್ನ ತಾಯಿಯ ಮಗ್ಗುಲಲ್ಲಿ ಮಲಗಿದ್ದರೆ?

ಸುವರ್ಣಾ ನನ್ನನ್ನು ಬಯ್ಯಲೇ ಇಲ್ಲ. ಒಂದು ಮಾತು ಮಾತ್ರ ತೆಗೆದುಕೊಂಡಳು.

"ಅಕೀಗಿ ಎಂದೂ ಹೇಳಬ್ಯಾಡ. ನಾ ಹೋದ್ರ ಜಡ್ಡಿನಿಂದ ಹೋದೆ ಅಂತಿರ್ಲಿ. ತಾ ಅಪ್ಪಿಕೊಂಡಿದ್ದಕ್ಕ ಅಂತ ಅಕೀ ತಿಳ್ಕೋಬಾರ್ದು."

ಅವಳಿಗೆ ಒಂದು ಗುಳ್ಳೆಯೂ ಏಳಲಿಲ್ಲ. ಆದರೆ ಮೂಲ ಜಡ್ಡು ಚಿಕಿತ್ಸೆಗೆ ಬಗ್ಗಲಿಲ್ಲ. ಎರಡು ತಿಂಗಳಲ್ಲಿ ಹೋಗಿಬಿಟ್ಟಳು. ಆ ವಾರ್ಡಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ, ಅಷ್ಟರಲ್ಲಿ ತಾಯಿ ಮಗಳದ್ದು ಫೋನಿನ ಮಾತಷ್ಟೇ. ಆ ದೂಡಿದ್ದೇ ಕೊನೆಯ ಮುಟ್ಟು.

ಸೃಷ್ಟಿ ಈಗ ನನ್ನ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದಾಳೆ, ನನ್ನನ್ನು ಮೌಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಾಳೆ. ಹಾಲು ಯಾಕೆ ತರಲಿಲ್ಲವೆಂದು ಕೇಳುತ್ತ ಬಂದವಳು ನನ್ನ ಮುಖ ನೋಡಿದಳು, ಎದುರಿನ ಬಾಗಿಲು ನೋಡಿದಳು, ಪಕ್ಕದಲ್ಲಿ ಕುಳಿತಳು.

"ಮೌಶಿ, ಅವ್ವ ನನ್ನ ದೂಡಿದ ದಿನ ನನ್ನ ಅಂಗಿ ಹೊಲಸಿತ್ತೇನು? ಬಸ್ಸಿನ್ಯಾಗ ಧೂಳ ಆಗಿತ್ತು."

ಗೆಳತಿಗೆ ಕೊಟ್ಟ ಮಾತು ಉಳಿಸಿಕೊಂಡೆನೆಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಆ ಮಾತಿನ ಮರೆಯಲ್ಲಿ ಈ ಹುಡುಗಿ ಒಂಬತ್ತು ವರ್ಷ ತನ್ನ ಅಂಗಿ ತೊಳೆಯುತ್ತಿದ್ದಳು.

ಎಲ್ಲ ಹೇಳಿದೆ. ತಾಯಿಗೆ ಅವಳಿಂದ ಏನೂ ಆಗಲಿಲ್ಲವೆಂಬುದನ್ನು ಮೊದಲು ಹೇಳಿದೆ, ಕೊನೆಯಲ್ಲೂ ಹೇಳಿದೆ. ಅವ್ವ ಬಾಗಿಲು ಹಾಕಿಕೊಂಡು ಏನು ಮಾಡಿದಳು ಎಂದು ಅವಳು ಕೇಳಿದಳು.

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದೆ. ನಾನು ತಿರುಗಿ ಬಂದಾಗ ಸುವರ್ಣಾ ಬಾಗಿಲ ಹಿಂದೆಯೇ ನೆಲದ ಮೇಲೆ ಕುಳಿತಿದ್ದಳು. ಮೈ ತೊಳೆದುಕೊಂಡಿರಲಿಲ್ಲ, ಸೀರೆ ಬದಲಿಸಿರಲಿಲ್ಲ. ಮಗಳು ಮುಖ ಹುದುಗಿಸಿದ್ದ ಸೆರಗು ಮುಷ್ಟಿಯಲ್ಲಿತ್ತು. ನಾನು ಚೀರಾಡಿದೆ. "ಬದಲ ಮಾಡ್ತೀನಿ, ಇನ್ನೊಂದ ಸ್ವಲ್ಪ ತಡಿ" ಅಂದಿದ್ದಳು.

"ನೀ ನನ್ನ ಬಿಟ್ಟ ಬರಾಕ ಎಷ್ಟ ಹೊತ್ತ ಆಗಿತ್ತು?"

"ಮೂರು ತಾಸು."

ಸೃಷ್ಟಿ ತಲೆಯಾಡಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಮತ್ತೆ ಕೇಳಿದಳು. ನಾನೂ ಮತ್ತೆ ಹೇಳಿದೆ.