ಕಣಜದ ಬಾಗಿಲಲ್ಲಿ ಕರೆದ ಹೆಸರು

ಇವತ್ತು ಬೆಳಿಗ್ಗೆ ಮೋಡ ಕವಿದಿತ್ತು. ಗೂಟದಲ್ಲಿ ನೇತುಹಾಕಿದ್ದ ಸ್ವೆಟರಿಗೆ ಮೂಗು ಹಚ್ಚಿ ನೋಡಿದೆ. ಬಾವಲಿಯ ವಾಸನೆ ಇರಲಿಲ್ಲ. ಹೋದರೆ ಒಳ್ಳೆಯದೇ ಆಯಿತಲ್ಲ, ಅದಕ್ಕೇಕೆ ಗಾಬರಿ ಎಂದು ನೀವು ಕೇಳಬಹುದು. ನಾನಂತೂ ಮತ್ತೆ ಮತ್ತೆ ಮೂಸಿದೆ.

ಸ್ವೆಟರು ನಮ್ಮ ಮನೆಯವರದು. ಅವರಿಲ್ಲದೆ ವರ್ಷ ತುಂಬುತ್ತ ಬಂತು. ಅದನ್ನು ಎಷ್ಟು ಸಲ ಒಗೆದು ಪಾವಗಡದ ಬಿಸಿಲಿಗೆ ಹಾಕಿದ್ದೇನೋ. ನಮ್ಮ ಬಿಸಿಲಿಗೆ ಕಲ್ಲೇ ಬಾಯಿ ಬಿಡುತ್ತದೆ, ವಾಸನೆ ಯಾವ ಲೆಕ್ಕ? ಆದರೂ ಮೋಡವಾದಾಗ, ಕರೆಂಟು ಹೋದಾಗ, ಹಳೆಯ ಗಾರೆಯೂ ಬಾವಲಿಯ ಹಿಕ್ಕೆಯೂ ಬೆರೆತ ಆ ತಣ್ಣನೆಯ ವಾಸನೆ ಮೆಲ್ಲಗೆ ನಡುಮನೆಗೆ ಬರುತ್ತಿತ್ತು. ಅದು ಮಧುಗಿರಿ ಕೋಟೆಯ ಕಣಜದ ವಾಸನೆ.

ವರ್ಷಕ್ಕೊಮ್ಮೆ ನಮ್ಮ ಕಡೆಯ ಹಳೆಯ ಕಟ್ಟಡಗಳನ್ನು ಜನರಿಗೆ ತೆರೆದು ತೋರಿಸುತ್ತಾರೆ. ಬೇರೆ ದಿನಗಳಲ್ಲಿ ಮುಚ್ಚಿರುವ ಕೋಣೆಗಳು, ಚಿತ್ರ ಬರೆಯುವವರ ಮತ್ತು ಗೊಂಬೆ ಮಾಡುವವರ ಕೆಲಸದ ಜಾಗಗಳು ಆಗ ತೆರೆದಿರುತ್ತವೆ. ಅದಕ್ಕೇನೋ ದೊಡ್ಡ ಹೆಸರಿದೆ. ನಮ್ಮನೆಯವರು ಮಾತ್ರ ‘ಬೀಗ ತೆಗೆಯೋ ದಿನ’ ಅನ್ನುತ್ತಿದ್ದರು. ರಾಯಚರ್ಲು ಕಡೆ ಸೋಲಾರ್ ಪಾರ್ಕಿನಲ್ಲಿ ಅವರಿಗೆ ಕಾವಲಿನ ಕೆಲಸ. “ವರ್ಷವೆಲ್ಲಾ ಬಿಸ್ಲು ಕಾಯೋನಿಗೆ ಒಂದಿನ ಕತ್ಲು ಬ್ಯಾಡ್ವೇನೇ?” ಎಂದು ನನ್ನನ್ನು ಹೊರಡಿಸುತ್ತಿದ್ದರು. ನನಗೆ ಕಟ್ಟಡಗಳ ಗಂಧವೇ ಇಲ್ಲ. ಯಾವ ರಾಜ ಕಟ್ಟಿಸಿದ ಎಂದು ಫಲಕ ಓದುತ್ತಿದ್ದೆ, ಬಸ್ಸು ಹತ್ತುವಷ್ಟರಲ್ಲಿ ಮರೆಯುತ್ತಿದ್ದೆ. ಅವರು ಫಲಕ ಓದುತ್ತಲೇ ಇರಲಿಲ್ಲ. ಒಳಗೆ ಹೋದವರೇ ಒಂದು ಚಪ್ಪಾಳೆ ತಟ್ಟಿ ಕಿವಿಗೊಟ್ಟು ನಿಲ್ಲುತ್ತಿದ್ದರು.

ಸಿರಾದ ಹಳೆಯ ಕಲ್ಲು ಮಂಟಪವೊಂದರಲ್ಲಿ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಚಿತ್ರಗಳನ್ನು ಇಟ್ಟಿದ್ದರು. ಅಲ್ಲೂ ಇವರು ಚಪ್ಪಾಳೆ ತಟ್ಟಿದಾಗ ಪಕ್ಕದಲ್ಲಿದ್ದ ಹುಡುಗ, “ಅರೆ ಚಾಚಾ, ಚಿತ್ರ ಇಷ್ಟ ಆಯ್ತಾ, ಇಲ್ಲಾ ಸೊಳ್ಳೆ ಹೊಡೆದ್ರಾ?” ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವರು ಇವರೇ.

ಇನ್ನೊಂದು ವರ್ಷ ನಮ್ಮೂರ ಹತ್ತಿರದ ಹಳೆಯ ಚಾವಡಿಗೆ ಹೋಗಿದ್ದೆವು. ತೊಗಲುಗೊಂಬೆ ಮಾಡುವ ಅಜ್ಜಿಯೊಬ್ಬಳ ಕೆಲಸದ ಜಾಗ ಅದು. ಸೂರಿನಿಂದ ಗೊಂಬೆಗಳು ಸಾಲಾಗಿ ನೇತಾಡುತ್ತಿದ್ದವು. ಕಿಟಕಿಯ ಬೆಳಕು ಅವುಗಳ ಮೈಯಲ್ಲಿ ಹಾದು ನೆಲದ ಮೇಲೆ ಕೆಂಪಗೆ ಬಿದ್ದಿತ್ತು. ಗಾಳಿಯೇ ಇರಲಿಲ್ಲ, ಆದರೂ ಒಂದು ಗೊಂಬೆಯ ಕೈ ಆಡುತ್ತಿತ್ತು. ಇವರು ಚಪ್ಪಾಳೆ ತಟ್ಟಿದರು. ಅಷ್ಟು ದೊಡ್ಡ ಕೋಣೆ, ದನಿ ಮರಳಿ ಬರಲೇ ಇಲ್ಲ.

“ಎಂಗ್ ಬತ್ತದಪ್ಪಾ?” ಎಂದು ಅಜ್ಜಿ ಗೊಂಬೆಗಳತ್ತ ಗದ್ದ ಎತ್ತಿದಳು. “ಇಂತಮಂದಿ, ಇಷ್ಟೊಂದ್ ಜನ ಅವ್ರೆ ಇಲ್ಲಿ. ಖಾಲಿ ಜಾಗ ಆದ್ರೆ ದನಿ ವಾಪಸ್ ಕೊಡ್ತದೆ. ಯಾರಾನ ಇದ್ರೆ ಇಟ್ಕಂತಾರೆ ಕದಾ.”

ದಾರಿಯುದ್ದಕ್ಕೂ ಇವರು ಅದನ್ನೇ ಹೇಳಿದರು. ಯಾರಾನ ಇದ್ರೆ ಇಟ್ಕಂತಾರೆ.

ಇಲ್ಲಿ ನಮ್ಮ ಅತ್ತೆಯ ವಿಷಯ ಹೇಳಬೇಕು. ಅವರು ನಿಡುಗಲ್ ಕೋಟೆಯ ಬುಡದಲ್ಲಿ ಬೆಳೆದವರು. ಪಾಳು ಜಾಗಕ್ಕೆ ಹೋದರೆ ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು, ಜೊತೆಗೆ ಬಂದವರನ್ನೆಲ್ಲ ಹೆಸರು ಹಿಡಿದು ಕರೆಯಬೇಕು ಅನ್ನುವುದು ಅವರ ಪದ್ಧತಿ. “ಹೆಸ್ರು ಕೂಗ್ದಿದ್ರೆ ಮೈ ಬತ್ತದೆ ಕಣಮ್ಮ, ಆಸಾಮಿ ಅಲ್ಲೇ ಉಳ್ಕಂತಾನೆ” ಅನ್ನುತ್ತಿದ್ದರು.

ಇವರು ಪ್ರತಿ ಸಲ ನನ್ನ ಹೆಸರನ್ನು ಕಲ್ಲು ನಡುಗುವಂತೆ ಕೂಗುತ್ತಿದ್ದರು. ನಾನು ಇವರ ಹೆಸರು ಹೇಗೆ ಕೂಗಲಿ? ಮದುವೆಯಾಗಿ ಬಂದ ದಿನ ನಾದಿನಿ ಹೊಸ್ತಿಲಿಗೆ ಅಡ್ಡ ನಿಂತು ಗಂಡನ ಹೆಸರು ಹೇಳಿಸಿದ್ದಳು. ಸೇರಕ್ಕಿ ಒದೆಯುವ ಮೊದಲು ಸೆರಗಿನೊಳಗೆ ಗೊಣಗಿದ್ದೆ. ಆಮೇಲೆ ಅದು ಬಾಯಿಗೆ ಬಂದಿಲ್ಲ. ಅಂಗನವಾಡಿಯಲ್ಲಿ ದಿನವೂ ಮಕ್ಕಳ ಹೆಸರು ಕೂಗಿ ಗಂಟಲು ಕೆಡಿಸಿಕೊಳ್ಳುವವಳು, ಬಾಗಿಲಲ್ಲಿ ನಿಂತು “ಬನ್ರೀ, ಸಾಕು” ಅನ್ನುತ್ತಿದ್ದೆ, ಅಷ್ಟೇ.

“ಬನ್ರೀ ಅಂದ್ರೆ ಒಳಗಿರೋನು ಯಾವನ್ ಬೇಕಾದ್ರೂ ಬತ್ತಾನೆ ಕಣೇ! ಆಮೇಲೆ ನನ್ ಗಂಡ ಇವನಲ್ಲ ಅಂದ್ರೆ ಯಾರ್ ಕೇಳ್ತಾರೆ?” ಎಂದು ಅವರು ರೇಗಿಸುತ್ತಿದ್ದರು.

ಹೋದ ವರ್ಷ ಮಧುಗಿರಿಯ ಕಣಜಕ್ಕೆ ಹೋದಾಗಲೂ ಒಳಗೆ ಕಾಲಿಡುವ ಮೊದಲು ಹಾಗೇ ರೇಗಿಸಿದರು. ಬೆಟ್ಟದ ಗಾಳಿಗೆಂದು ಈ ಸ್ವೆಟರು ಹಾಕಿದ್ದರು. ಒಳಗೆ ಗವ್ವೆನ್ನುವ ಕತ್ತಲು. ಇವರ ಚಪ್ಪಾಳೆ ಗೋಡೆಯಿಂದ ಗೋಡೆಗೆ ಹೋಗಿ, ತಡವಾಗಿ, ಬೇರೆ ಯಾರೋ ತಟ್ಟಿದಂತೆ ಮರಳಿ ಬಂತು. ನಾನು ಹೆದರಿ ಹೊರಗೆ ಬಂದು “ಬನ್ರೀ” ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಬಂದರು. ನನ್ನ ಹೆಸರು ಕೂಗಲಿಲ್ಲ. ಬಸ್ಸಿನಲ್ಲಿ ಕಡಲೇಕಾಯಿ ಕೊಟ್ಟರೆ ಬೇಡವೆಂದರು.

ಅಂದಿನಿಂದ ಅವರ ಮಾತು ಕಡಿಮೆಯಾಯಿತು. ಊಟಕ್ಕೆ ಕುಳಿತವರು ಒಮ್ಮೊಮ್ಮೆ ತಲೆ ಎತ್ತಿ, ಇದು ಯಾರ ಮನೆ ಅನ್ನುವ ಹಾಗೆ ಗೋಡೆ ನೋಡುತ್ತಿದ್ದರು. ಸುಸ್ತು ಅಂದರು. ಒಂದು ದಿನ ಕೆಲಸದ ಜಾಗದಲ್ಲೇ ಕುಸಿದರು. ಹೃದಯ ಎಂದರು ಡಾಕ್ಟರು. ನಾನು ಅದನ್ನು ನಂಬುತ್ತೇನೆ. ಆದರೆ ಮಣ್ಣು ಮಾಡಿ ಬಂದಾಗಿನಿಂದ ಒಂದೇ ಪ್ರಶ್ನೆ ನನ್ನನ್ನು ಹಿಡಿದಿತ್ತು. ಅಂದು ನನ್ನ ಜೊತೆ ಬೆಟ್ಟ ಇಳಿದದ್ದು ಯಾರು? ನಾವು ಮಣ್ಣು ಮಾಡಿದ್ದು ಮೈಯನ್ನೇ ಆದರೆ, ಆಸಾಮಿ ಆ ಕತ್ತಲಲ್ಲಿ ಇನ್ನೂ ಕಾಯುತ್ತಿರಬಹುದೇ?

ನಾದಿನಿಯ ಹತ್ತಿರ ಹೇಳಿದೆ. ಅವಳು ನನ್ನ ಬಾಯಿಗೆ ಕೈ ಅಡ್ಡ ತಂದಳು. “ಸತ್ತೋರ್ನ ಹೆಸ್ರಿಡ್ದು ಕೂಗ್ಬಾರ್ದು ಅತ್ಗೆ. ಬಂದ್ಬುಟ್ರೆ ಏನ್ ಮಾಡ್ತೀಯ?”

ಅದೇ ನನ್ನ ಭಯ. ಅದೇ ನನ್ನ ಆಸೆ ಕೂಡ.

ಹೋದ ವಾರ ಬೀಗ ತೆಗೆಯುವ ದಿನ ಬಂತು. ಒಬ್ಬಳೇ ಮಧುಗಿರಿಗೆ ಹೋದೆ. ಬಸ್ಸಿನಲ್ಲಿ ಅಭ್ಯಾಸಬಲದಿಂದ ಅವರಿಗೊಂದು ಟಿಕೆಟ್ ಕೇಳಿಬಿಟ್ಟೆ. “ಹೆಂಗಸ್ರಿಗೆ ಫ್ರೀ ಕಣಮ್ಮ, ಟಿಕೆಟ್ ಯಾರ್ಗೆ?” ಎಂದು ಕಂಡಕ್ಟರ್ ಖಾಲಿ ಸೀಟು ನೋಡಿದ.

ಕಣಜದ ಬಾಗಿಲಲ್ಲಿ ಕಾವಲಿನವನು ಕಾಲು ಅಡ್ಡ ಚಾಚಿ ಕುಳಿತಿದ್ದ. ಜನ ಬಂದು ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಎಲ್ಲರೂ ಹೋಗಲೆಂದು ಕಾದು ಒಳಗೆ ಹೋದೆ. ಅದೇ ವಾಸನೆ. ಮೇಲೆ ಬಾವಲಿಗಳು ಮಗ್ಗುಲು ಬದಲಿಸಿದವು. ಚಪ್ಪಾಳೆ ತಟ್ಟಿದೆ. ತಡವಾಗಿ, ಬೇರೆಯವರು ತಟ್ಟಿದಂತೆ, ಮರಳಿ ಬಂತು.

“ಬೀಗ ಆಕ್ತೀನಿ, ಬರ್ರಮ್ಮ” ಎಂದ ಕಾವಲಿನವನು.

ಅವನ ಕಾಲು ದಾಟಿ ಹೊರಬಂದು ತಿರುಗಿ ನಿಂತೆ. ಬಾಯಿಗೆ ಬರುತ್ತಿದ್ದುದು ‘ಬನ್ರೀ’ ಮಾತ್ರ. ಕೊನೆಗೆ ಅಂಗನವಾಡಿಯಲ್ಲಿ ಹಾಜರಿ ಕೂಗುವ ದನಿಯನ್ನೇ ತಂದುಕೊಂಡೆ.

“ತಿಪ್ಪೇಸ್ವಾಮಿ! ಬನ್ನಿ, ಮನೆಗೆ ಹೋಗೋಣ.”

ದನಿ ಒಳಗೆ ಹೋಯಿತು. ಕಾದೆ. ಚಪ್ಪಾಳೆಯನ್ನು ಮರಳಿಸಿದ ಗೋಡೆಗಳು ಆ ಹೆಸರನ್ನು ಮರಳಿಸಲಿಲ್ಲ. ಬಾವಲಿಗಳೂ ಸುಮ್ಮನಾದವು. ಆಗ ಕಾವಲಿನವನು, ಯಾರಾದರೂ ದಾಟುವಾಗ ನಾವು ಕಾಲು ಮಡಚುತ್ತೇವಲ್ಲ, ಹಾಗೆ ತನ್ನ ಕಾಲು ಒಳಗೆಳೆದುಕೊಂಡ. ಆಮೇಲೆ ತನ್ನ ಕಾಲನ್ನೇ ನೋಡಿದ.

“ಯಾರ್ನಮ್ಮ ಕೂಗಿದ್ದು?”

“ನಮ್ಮನೆಯವರನ್ನ.”

“ಒಳಗೆ ಯಾರೂ ಇಲ್ವಲ್ಲ?”

“ಈಗ ಇಲ್ಲ” ಎಂದೆ.

ಬೆಟ್ಟ ಇಳಿಯುವಾಗ ತಿರುಗಿ ನೋಡಲಿಲ್ಲ. ಯಾರೋ ಕಂಡಾರು ಎಂಬ ಭಯಕ್ಕಲ್ಲ, ಯಾರೂ ಕಾಣದಿದ್ದರೆ ಎಂಬ ಭಯಕ್ಕೆ. ಮನೆಗೆ ಬಂದು ಬೀಗ ತೆಗೆದ ಮೇಲೆ ಹೊಸ್ತಿಲ ಪಕ್ಕಕ್ಕೆ ಸರಿದು ಒಂದು ಗಳಿಗೆ ನಿಂತಿದ್ದು ನಿಜ. ನೀವು ನಕ್ಕರೆ ನಗಿ.

ಇಂದು ಬೆಳಿಗ್ಗೆ ವಾಸನೆ ಹೋಗಿದೆ. ಸ್ವೆಟರಿನ ತೋಳು, ಕತ್ತು, ಕಂಕುಳು ಎಲ್ಲ ಮೂಸಿದೆ. ಸೋಪು ಮಾತ್ರ. ಅಲ್ಲಿಂದ ಬಿಡಿಸಿ ತಂದೆನೋ, ಇಲ್ಲಿಂದಲೂ ಕಳಿಸಿಬಿಟ್ಟೆನೋ ತಿಳಿಯದೆ ನಡುಮನೆಯಲ್ಲಿ ನಿಂತೆ. ತಿಳಿಯಲು ಒಂದು ದಾರಿ ಇತ್ತು. ವರ್ಷವಿಡೀ ಅದಕ್ಕೆ ಧೈರ್ಯ ಬಂದಿರಲಿಲ್ಲ. ಅವರ ಮಂಚ, ಟ್ರಂಕು, ಸೈಕಲ್ಲು ಎಲ್ಲ ಕೊಟ್ಟ ಮೇಲೆ ಈ ಮನೆಯಲ್ಲಿ ಚಮಚ ಬಿದ್ದರೂ ಗುಂಯ್‌ಗುಡುತ್ತಿತ್ತು.

ಸ್ವೆಟರನ್ನು ಗೂಟಕ್ಕೆ ಹಾಕಿ, ಬಾಗಿಲು ಮುಚ್ಚಿ, ಒಂದು ಚಪ್ಪಾಳೆ ತಟ್ಟಿದೆ.

ದನಿ ಮರಳಿ ಬರಲಿಲ್ಲ.