ಗುರುಬಸಪ್ಪ ಮಾಸ್ತರರ ತಲೆಕೆಳಗಿನ ಪಟಗಳು

ಗುರುಬಸಪ್ಪ ಮಾಸ್ತರರ ಮನೆಯಲ್ಲಿ ಪಟಗಳೆಲ್ಲ ತಲೆಕೆಳಗಾಗಿ ತೂಗುತ್ತಿದ್ದವು. ಬಟ್ಟೆ ಅಂಗಡಿಯ ಕ್ಯಾಲೆಂಡರು, ಬೀಡಿ ಕಟ್ಟಿನ ಬಣ್ಣದ ಚೀಟಿ, ಯಾವುದೋ ಹಡಗಿನ ಚಿತ್ರ, ಎಲ್ಲವೂ. ದೇವರ ಪಟವೊಂದೇ ನೆಟ್ಟಗಿತ್ತು. ಅದನ್ನು ಅವರ ಅತ್ತೆ ನೀಲವ್ವ ಕಾಯುತ್ತಿದ್ದರು.

ಅವರು ಜತ್ತದ ಹೈಸ್ಕೂಲಿನಲ್ಲಿ ನಮಗೆ ಡ್ರಾಯಿಂಗ್ ಕಲಿಸುತ್ತಿದ್ದರು. ಜತ್ತ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಹೊಸತು. ಮಾಸ್ತರರು ಕರಜಗಿಯವರು. ಪಾಠವನ್ನು ಮರಾಠಿಯಲ್ಲಿ ಶುರುಮಾಡಿ ಬೈಯಲು ಕನ್ನಡಕ್ಕೆ ಬರುತ್ತಿದ್ದರು. ತಿಕೋಂಡಿಯಿಂದ ಹೊಸದಾಗಿ ಬಂದಿದ್ದ ನನಗೆ ಬೈಗುಳವಷ್ಟೇ ಪೂರ್ತಿ ತಿಳಿಯುತ್ತಿತ್ತು. ಮಾಸ್ತರರು ಏನನ್ನೇ ನೋಡುವಾಗಲೂ ಒಂದು ಕಣ್ಣನ್ನು ಅರ್ಧ ಮುಚ್ಚುತ್ತಿದ್ದರು. ಬಲಗಣ್ಣು ಎಂದು ಬರೆಯಹೊರಟೆ, ಎಡಗಣ್ಣೂ ಆಗಿರಬಹುದು.

ಮೊದಲ ತಾಸಿನಲ್ಲೇ ಒಂದು ಕ್ಯಾಲೆಂಡರನ್ನು ತಲೆಕೆಳಗಾಗಿ ಹಲಗೆಗೆ ಸಿಕ್ಕಿಸಿ, "ಏನ ಕಾಣ್ತೈತಿ?" ಎಂದು ಕೇಳಿದರು.

"ಆಕಳ ಐತ್ರಿ, ಸರ್," ಎಂದೆ ನಾನು.

"ಆಕಳ ನಿಮ್ಮ ಮನ್ಯಾಗ ಐತಿ. ಇಲ್ಲಿ ಕಾಗದ ಐತಿ. ನಡಿ ಹೊರಗ."

ಹೊರಗೆ ನಿಂತು ಕಿಟಕಿಯಿಂದ ಉಳಿದ ಪಾಠ ಕೇಳಿದೆ. ಕಪ್ಪು ಎಲ್ಲಿದೆ, ಬಿಳಿ ಎಲ್ಲಿದೆ, ತೂಕ ಯಾವ ಕಡೆಗೆ ಬಿದ್ದಿದೆ, ಕಣ್ಣು ಎಲ್ಲಿಂದ ಒಳಗೆ ಹೋಗಿ ಎಲ್ಲಿ ನಿಲ್ಲುತ್ತದೆ, ಖಾಲಿ ಬಿಟ್ಟ ಜಾಗದ ಆಕಾರ ಎಂಥದು. ಇವನ್ನು ಬಿಟ್ಟು ಚಿತ್ರದಲ್ಲಿದ್ದ ವಸ್ತುವಿನ ಹೆಸರು ಹೇಳಿದವರೆಲ್ಲ ಒಬ್ಬೊಬ್ಬರಾಗಿ ನನ್ನ ಪಕ್ಕಕ್ಕೆ ಬಂದು ನಿಂತರು. ಮುಂದೆ ಪುಣೆಯ ಕಾಲೇಜಿನಲ್ಲಿ ಇದನ್ನೇ ರೇಖೆ, ಆಕಾರ, ಛಾಯೆ, ಅವಕಾಶ, ಸಮತೋಲ, ಲಯ ಎಂದು ಕಲಿತೆ. ಆಮೇಲೆ ಎಷ್ಟೋ ಸಲ ಆ ದೊಡ್ಡ ಮಾತುಗಳನ್ನು ಮಾಸ್ತರರೇ ಆಡಿದಂತೆ ನೆನಪಾಗುತ್ತದೆ. ಆ ನೆನಪನ್ನು ನಾನು ನಂಬುವುದಿಲ್ಲ. ಅವರದು ತೂಕ, ಗೆರಿ, ಕಪ್ಪು, ಖಾಲಿ, ಇಷ್ಟೇ.

ಅವರ ಹೆಬ್ಬೆರಳು ಮಾತ್ರ ಖಾತ್ರಿಯಾಗಿ ನೆನಪಿದೆ. ಚಿತ್ರದ ಒಂದು ಭಾಗವನ್ನು ಹೆಬ್ಬೆರಳಿನಿಂದ ಮುಚ್ಚಿ, ಉಳಿದದ್ದು ನಿಲ್ಲುತ್ತದೋ ಬೀಳುತ್ತದೋ ನೋಡುತ್ತಿದ್ದರು. ಊರ ಹೊರಗೆ ಕುರಿಹಿಂಡು ಹೋಗುತ್ತಿದ್ದರೆ ಕೈ ಚಾಚಿ, "ಆ ಒಂದ ಬಿಳೀ ಕುರಿ ಮುಚ್ಚಿ ನೋಡು. ಹಿಂಡ ಪೂರಾ ಆಕಡಿ ವಾಲತೈತಿ," ಎನ್ನುವರು. ಕುರಿ ಕಾಯುವವನು ತನ್ನ ಕುರಿಗೆ ಏನೋ ಆಯಿತೆಂದು ತಿರುಗಿ ನೋಡುತ್ತಿದ್ದ. ಕ್ಷೌರದವನೊಮ್ಮೆ, "ಮಾಸ್ತರ, ತೆಲಿ ತೆಳಗ ಮಾಡ್ರಿ, ಕಟಿಂಗ ಬರೋಬರಿ ಆಗತೈತಿ," ಎಂದಿದ್ದ. ಮಾಸ್ತರರು ನಗಲಿಲ್ಲ. ಅದು ನಿಜವೋ ಎಂದು ಯೋಚಿಸುತ್ತಿದ್ದರೆಂದು ಕಾಣುತ್ತದೆ.

ನಾವು ಕೆಲವು ಹುಡುಗರು ಅವರ ಪಕ್ಕದ ಖೋಲಿಯಲ್ಲಿ ಬಾಡಿಗೆಗಿದ್ದೆವು. ಅವರ ಹೆಂಡತಿ ಶಾಂತವ್ವ ನಮಗೆ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕೊಡುತ್ತಿದ್ದರು, ಗಂಡನನ್ನು ಆಡಿಕೊಳ್ಳುತ್ತಿದ್ದರು. "ರೊಟ್ಟಿ ಬೋರಲ ಹಾಕ್ಲೇನ್ರಿ, ತೂಕ ತಿಳೀತೈತಿ?" "ನನ್ನೂ ಒಂದಿನ ತೆಲಿಕೆಳಗ ಮಾಡಿ ತೂಗ ಹಾಕತೀರಿ ನೀವು." ಈ ಎರಡನೆಯ ಮಾತು ಮುಂದೆ ಆದದ್ದಕ್ಕೆ ತೀರ ಸರಿಯಾಗಿ ಹೊಂದುತ್ತದೆ. ಆದ್ದರಿಂದ ಅವರು ಅದನ್ನು ಆಡಿರಲಿಕ್ಕಿಲ್ಲ.

ಮಗಳು ಗಂಗಿ ಇನ್ನೂ ಕೂಸಾಗಿದ್ದಾಗ ಶಾಂತವ್ವ ಜ್ವರದಿಂದ ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಕೂಡಿಸುವ ಪದ್ಧತಿ. ಗೋಡೆಗೆ ಆನಿಸಿ ಕೂಡಿಸಿ, ಹೊಸ ಸೀರೆ ಉಡಿಸಿ, ಹಣೆಗೆ ಮೂರು ಗೆರೆ ವಿಭೂತಿ ಬಳಿದು, ಬಿಳಿ ಹೂವಿನ ದಪ್ಪ ಮಾಲೆ ಹಾಕಿದರು. ಫೋಟೋದವನು ಬಂದು ಒಂದು ಚಿತ್ರ ತೆಗೆದ. ಬದುಕಿದ್ದಾಗ ಆಕೆಯ ಒಂದು ಫೋಟೋವನ್ನೂ ಯಾರೂ ತೆಗೆಸಿರಲಿಲ್ಲ. ಊರಿನ ಎಷ್ಟೋ ಮಂದಿಯ ಮುಖ ಬರೆದಿದ್ದ ಮಾಸ್ತರರು ಆಕೆಯದನ್ನು ಬರೆದಿರಲಿಲ್ಲ. "ಮನ್ಯಾಗ ಇರತಾಳ, ಯಾವಾಗರ ತಗದ್ರಾತು ಅಂದಿದ್ನಿ," ಎಂದು ಒಮ್ಮೆ ಹೇಳಿದರು. ಹೊತ್ತೆಷ್ಟಾಯಿತು ಎಂದು ಹೇಳುವ ದನಿಯಲ್ಲೇ ಹೇಳಿದರು.

ಚೌಕಟ್ಟು ಹಾಕಿಸಿದ ಫೋಟೋ ಬಂದ ದಿನ ನಾನು ಅಲ್ಲಿದ್ದೆ. ಮಾಸ್ತರರು ಅದನ್ನು ತಲೆಕೆಳಗಾಗಿ ಹಿಡಿದು ಕಣ್ಣು ಅರ್ಧ ಮುಚ್ಚಿದರು. ಮುಖದ ಮೇಲೆ ಹೆಬ್ಬೆರಳಿಟ್ಟರು.

"ಮಾಲಿ ಬಿಳೀ ಗುಡ್ಡ ಆಗೇತಿ. ಎರಡೂ ಕಡಿ ಕಪ್ಪ. ತೂಕ ಚಲೋ ನಿಂತೈತಿ," ಎಂದರು. ಆಮೇಲೆ ಚೌಕಟ್ಟಿನ ಮೇಲಂಚಿನಲ್ಲಿ ತೂಗಲು ಇದ್ದ ಬಳೆ ಕಿತ್ತು, ಕೆಳಗಿನ ಅಂಚಿಗೆ ಬಡಿದು, ಹಾಗೆಯೇ ಗೋಡೆಗೆ ತೂಗಿದರು.

"ಮಾಸ್ತರ, ಅಕೀ ನನ್ನ ಮಗಳ ಅದಾಳ. ತೊಗಲಬಾವಲಿ ಅಲ್ಲ," ಎಂದರು ನೀಲವ್ವ.

"ನೆಟ್ಟಗ ಇದ್ರ ಮಾರಿ ಅಷ್ಟ ಕಾಣ್ತೈತ್ರಿ, ಅತ್ತಿ. ಹಿಂಗ ಇದ್ರ ನೋಡಾಕ ಬರತೈತಿ."

ಮಾಸ್ತರರು ಶಾಲೆಗೆ ಹೋದಾಗ ನೀಲವ್ವ ಪಟವನ್ನು ನೆಟ್ಟಗೆ ಮಾಡಿ ಗೋಡೆಗೆ ಆನಿಸಿ ಇಡುತ್ತಿದ್ದರು. ಸಂಜೆ ಅದು ಮತ್ತೆ ತಲೆಕೆಳಗಾಗಿ ಮೊಳೆಗೆ ಏರುತ್ತಿತ್ತು. ಒಂದು ದಿನ ನೀಲವ್ವ ಕೂಸನ್ನು ಬಗಲಲ್ಲಿಟ್ಟುಕೊಂಡು ಬಾಗಿಲಿಗೆ ಅಡ್ಡ ನಿಂತರು.

"ಇದು ದೊಡ್ಡದಾಗತೈತಿ. ಇದಕ ಅವ್ವನ ಮಾರಿ ಗೊತ್ತಾಗಬೇಕೋ ಬ್ಯಾಡೋ?"

"ಸತ್ತ ಮಾರಿ ಅಕೀದಲ್ರಿ."

"ಬ್ಯಾರೆ ಮಾರಿ ಎಲ್ಲಿಂದ ತರ್ಲಿ? ನೀವೇನರ ಬರದ ಇಟ್ಟೀರೇನು?"

ಆಡಿದ ಮಾತು ಹೆಚ್ಚಾಯಿತು ಎನಿಸಿತೋ ಏನೋ, ಆ ದಿನದಿಂದ ನೀಲವ್ವ ಪಟ ಮುಟ್ಟುವುದನ್ನು ಬಿಟ್ಟರು. ಅದು ತಲೆಕೆಳಗಾಗಿಯೇ ಉಳಿಯಿತು. ಗಂಗಿ ಅದರ ಕೆಳಗೆ ಅಂಬೆಗಾಲಿಟ್ಟಳು, ನಡೆದಳು, ಮಾತು ಕಲಿತಳು. ಅವ್ವ ಎಲ್ಲಿ ಎಂದು ಯಾರಾದರೂ ಕೇಳಿದರೆ ಗೋಡೆ ತೋರಿಸುತ್ತಿದ್ದಳು.

ನಾನು ಪುಣೆಗೆ ಹೋದೆ. ಒಂದು ರಜೆಯಲ್ಲಿ ಊರಿಗೆ ಹೋಗುವಾಗ ಜತ್ತದಲ್ಲಿ ಬಸ್ಸಿಳಿದು ಅವರ ಮನೆಗೆ ಹೋದೆ. "ಬರ್ರಿ, ಕುಂದ್ರಿ," ಎಂದರು. ನನಗೆ ಅವರು ಬಹುವಚನ ಹಚ್ಚಿದ್ದು ಅದೇ ಮೊದಲು. ಗಂಗಿ ಸುಣ್ಣದ ಹೆಂಟೆ ಹಿಡಿದು ನೆಲದ ಮೇಲೆ ಏನೋ ಬರೆಯುತ್ತಿದ್ದಳು. ಮೇಲೆ ಒಂದು ಗುಡ್ಡ. ಗುಡ್ಡದ ಕೆಳಗೆ ಒಂದು ದುಂಡು, ದುಂಡಿನ ತಳದಲ್ಲಿ ಮೂರು ಗೆರೆ.

ಮಜ್ಜಿಗೆ ಕೇಳಲು ಬಂದಿದ್ದ ನೆರೆಮನೆಯಾಕೆ ಬಗ್ಗಿ, "ಏನ ಬರದೀ ಗಂಗೀ?" ಎಂದಳು.

"ನಮ್ಮವ್ವ."

"ನಿಮ್ಮವ್ವಗ ತೆಲಿ ತೆಳಗ ಯಾಕ?" ಎಂದು ಆಕೆ ನಕ್ಕಳು.

"ನಮ್ಮವ್ವ ಹಿಂಗ ಇರತಾಳ," ಎಂದಳು ಗಂಗಿ. ಎಲ್ಲರ ಅವ್ವಂದಿರೂ ಒಂದೊಂದು ಥರ ಇರುತ್ತಾರೆ ಎನ್ನುವಂತೆ.

ನೀಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸದ್ದು ನಿಂತಿತು. ಮಾಸ್ತರರು ನೆಲದ ಚಿತ್ರವನ್ನು ಬಹಳ ಹೊತ್ತು ನೋಡಿದರು. ಎದ್ದು ಗೋಡೆಯಿಂದ ಫೋಟೋ ಇಳಿಸಿ ನೆಟ್ಟಗೆ ಮಾಡಿದರು. ಮೇಲಂಚಿನಲ್ಲಿ ಬಳೆ ಇರಲಿಲ್ಲವಾದ್ದರಿಂದ ತೂಗಲು ಬರಲಿಲ್ಲ. ತೊಡೆಯ ಮೇಲೆ ನಿಲ್ಲಿಸಿ ಹಿಡಿದು ಕುಳಿತರು.

ಗಂಗಿ ಹತ್ತಿರ ಬಂದಳು. "ಇಕೀ ಯಾರ?"

"ನೋಡು."

ಅವಳು ಫೋಟೋ ನೋಡಿದಳು, ಬರಿಯ ಮೊಳೆ ನೋಡಿದಳು. "ನಮ್ಮವ್ವನ ಎಲ್ಲಿ ಇಟ್ಟಿ, ಅಪ್ಪಾ?"

ನನ್ನ ನೆನಪಿನಲ್ಲಿ ಇಲ್ಲಿ ಯಾರೂ ಅಳುವುದಿಲ್ಲ. ಯಾರಾದರೂ ಅತ್ತಿರಬೇಕು. ನನಗೆ ನೆನಪಿರುವುದು ಮಾಸ್ತರರು ಪಾಠ ಶುರುಮಾಡಿದ್ದು.

"ಬಿಳೀದು ಎಲ್ಲೈತಿ, ತೋರಸು."

ಅವಳ ಬೆರಳು ಮಾಲೆಯ ಮೇಲೆ ಹೋಯಿತು. "ಗುಡ್ಡ ಬಿದ್ದೈತಿ."

"ಬೀಳ್ಲಿ. ಗುಡ್ಡದ ಮ್ಯಾಲ ಏರು. ಗೆರಿ ಎಲ್ಯಾವು?"

ಬೆರಳು ಮಾಲೆ ಹಿಡಿದು ಮೇಲೇರಿ ಹಣೆಯ ವಿಭೂತಿಗೆ ಬಂತು. "ಇಲ್ಯಾವು."

"ಗೆರಿ ತೆಳಗ?"

"ಕಣ್ಣ."

ಆಗ ಅವರು ಕೇಳಿದರು. "ಏನ ಕಾಣ್ತೈತಿ?" ನನ್ನನ್ನು ತರಗತಿಯಿಂದ ಹೊರಗೆ ಹಾಕಿದ ಪ್ರಶ್ನೆ ಅದೇ.

ಗಂಗಿ ಮುಖವನ್ನು ಫೋಟೋದ ತೀರ ಹತ್ತಿರ ಒಯ್ದಳು. "ಅವ್ವ. ನಿದ್ದಿ ಮಾಡ್ಯಾಳ."

"ಇಲ್ಲ. ಸತ್ತಾಳ," ಎಂದರು ಮಾಸ್ತರರು. ಈಗ ಅವರ ಎರಡೂ ಕಣ್ಣು ತೆರೆದಿದ್ದವು.

"ಕುಂತಗೊಂಡ ಸತ್ತಾಳ?"

"ಕೂಡಿಸೇವಿ."

"ಹೂಂ," ಎಂದಳು. ಸುಣ್ಣದ ಹೆಂಟೆ ಎತ್ತಿಕೊಂಡು ಅಂಗಳಕ್ಕೆ ಹೋದಳು. ಒಲೆಯ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ನನಗೆ ಬಸ್ಸಿನ ಹೊತ್ತಾಗಿತ್ತು. ಹೊರಡುವಾಗಲೂ ಅವರು ಫೋಟೋವನ್ನು ತೊಡೆಯ ಮೇಲೆ ಹಿಡಿದೇ ಕುಳಿತಿದ್ದರು. ಹೆಬ್ಬೆರಳು ಚೌಕಟ್ಟಿನ ಅಂಚಿನಲ್ಲಿತ್ತು.

ಮತ್ತೆ ನಾನು ಹೋದಾಗ ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಯಾವ ಊರೆಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಮನೆ ಖಾಲಿಯಿತ್ತು. ಬಾಗಿಲು ಬೀಗ ಹಾಕದೆ ಬರಿದೆ ಮುಂದೆ ಮಾಡಿದ್ದರಿಂದ ಒಳಗೆ ಹೋದೆ. ಹೊಗೆ ಹಿಡಿದ ಗೋಡೆಯ ಮೇಲೆ ಪಟಗಳಿದ್ದಲ್ಲೆಲ್ಲ ಬೆಳ್ಳಗಿನ ಚೌಕಗಳು, ಪ್ರತಿ ಚೌಕದ ನೆತ್ತಿಗೆ ಒಂದು ಮೊಳೆ. ಶಾಂತವ್ವನ ಚೌಕದ ಮುಂದೆ ನಿಂತು ಒಂದು ಕಣ್ಣನ್ನು ಅರ್ಧ ಮುಚ್ಚಿ ನೋಡಿದೆ. ಆ ರಜೆಯ ನಂತರ ಫೋಟೋ ಎಷ್ಟು ದಿನ ಇಲ್ಲಿ ನೆಟ್ಟಗೆ ತೂಗಿತು, ತೂಗಿತೋ ಇಲ್ಲವೋ, ಚೌಕ ನೋಡಿದರೆ ತಿಳಿಯುವಂತಿರಲಿಲ್ಲ.